ತಿದ್ದಿಸಿಕೊಳ್ಳುವ ಹಕ್ಕು

‘ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಹಾಡುತ್ತಾನೆ!’ ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಮೆಚ್ಚುಗೆ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆ ‘ಇದ್ದರೂ’ ಎಂಬುದರಲ್ಲಿ ಹಾಡಿಗಿಂತ ಮೊದಲು ಕೊರತೆಯೇ ಕಾಣುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ದೃಷ್ಟಿಯಿರಲಿಲ್ಲ. ಅಂಧರೂ ಕಣ್ಣಿದ್ದವರೂ ಅಲ್ಲಿ ಜೊತೆಯಾಗಿ ಸಂಗೀತ ಕಲಿತರು. ಗುರುವಿಗೇ ಕಣ್ಣಿಲ್ಲದ ಕಡೆ ಶಿಷ್ಯನ ಅಂಧತ್ವ ವಿಶೇಷವೆನಿಸದು. ಸ್ವರ ಸರಿಯಿದೆಯೇ ಎಂಬುದಷ್ಟೇ ಪ್ರಶ್ನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಕಲಾ ವಿಷಯಗಳ ಪಠ್ಯಕ್ರಮವನ್ನು ಇಂಥ ಮಕ್ಕಳೂ ಕಲಿಯುವಂತೆ ಮರುರೂಪಿಸಲು ಹೇಳುತ್ತದೆ. ಅದು ಆಗಲೇಬೇಕು. ಆದರೆ ತರಗತಿಯೊಳಗೆ ಬಂದ ಮಗುವಿನ ಅಪಸ್ವರವನ್ನು ‘ಪಾಪ’ ಎಂದು ಬಿಟ್ಟುಬಿಟ್ಟರೆ, ಅದನ್ನು ಮತ್ತೆ ಹೊರಗೆ ನಿಲ್ಲಿಸಿದಂತೆಯೇ. ಕಲಿಸುವ ದಾರಿ ಬ್ರೈಲ್, ಸ್ಪರ್ಶ, ಸನ್ನೆ ಯಾವುದೇ ಇರಲಿ, ತಿದ್ದಿಸಿಕೊಳ್ಳುವ ಹಕ್ಕು ಎಲ್ಲ ಮಕ್ಕಳಿಗೂ ಇದೆ.