ಹಳೆಯ ಬಾಕಿ, ಹೊಸ ಸಾಲ

ಸಿಗರೇಟು ಬಿಟ್ಟ ಹನ್ನೊಂದನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಬೇಸಿನ್ನಿನಲ್ಲಿ ರಕ್ತ ಕಂಡಿತು. ಒಸಡಿನಿಂದ ಬಂದದ್ದು. 21 ವರ್ಷ ದಿನಕ್ಕೆ 15ರಂತೆ ಸೇದಿದಾಗ ಒಮ್ಮೆಯೂ ಬಾರದ ರಕ್ತ, ವೇಪ್ (ಇ-ಸಿಗರೇಟು) ಹಿಡಿದು ಎರಡು ವಾರ ತುಂಬುವ ಮೊದಲೇ ಬಂತು. ಕೆಮ್ಮೂ ಹೆಚ್ಚಿತ್ತು, ಎದೆಯಾಳದಿಂದ ಕಂದು ಬಣ್ಣದ ಕಫ ಬರುತ್ತಿತ್ತು. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಹತ್ತುತ್ತಿರಲಿಲ್ಲ, ಮಲಗಿದರೆ ಎದೆ ಡವಡವ. ಬರ್ಮಿಂಗ್‌ಹ್ಯಾಮಿನ ಬಾಡಿಗೆ ಮನೆಯ ಬಚ್ಚಲಲ್ಲಿ ನಿಂತು, ಈ ಹಾಳು ಯಂತ್ರಕ್ಕಿಂತ ಸಿಗರೇಟೇ ವಾಸಿಯಿತ್ತು ಎಂದುಕೊಂಡೆ. ಜೇಬಿನಲ್ಲಿ ಪ್ಯಾಕೆಟ್ ಇದ್ದಿದ್ದರೆ ಅವತ್ತೇ ಹಚ್ಚಿಬಿಡುತ್ತಿದ್ದೆ.

ಹೀಗೆ ಅಂದುಕೊಂಡು ಮತ್ತೆ ಸಿಗರೇಟಿಗೆ ಮರಳಿದವರು ಎಷ್ಟು ಮಂದಿಯೋ. ಅವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ವೇಪ್ ಹಿಡಿದದ್ದು ನನ್ನ ಸ್ವಂತ ಬುದ್ಧಿಯಿಂದಲ್ಲ. 2023ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಇಂಗ್ಲೆಂಡಿನ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕೊಟ್ಟು ಸಿಗರೇಟು ಬಿಡಿಸುವ ಯೋಜನೆ ಪ್ರಕಟಿಸಿತ್ತು. ಆ ಚಳಿಗಾಲದಲ್ಲಿ ನಾನೂ ಧೂಮಪಾನ ಬಿಡಿಸುವ ಕೇಂದ್ರವೊಂದರ ಮೆಟ್ಟಿಲು ಹತ್ತಿದೆ. ಅಲ್ಲಿಯ ನರ್ಸಮ್ಮ ಒಂದು ಕೊಳವೆಗೆ ಊದಿಸಿ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ನೋಡಿದರು. 26 ಬಂತು. ಈ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟು ವರ್ಷ ನಾನು ಉಸಿರಾಡುತ್ತಿದ್ದೆನೇ ಹೊರತು ನನ್ನ ರಕ್ತಕ್ಕೆ ಪೂರ್ತಿ ಉಸಿರು ಸಿಕ್ಕಿರಲಿಲ್ಲ.

ಒಸಡಿನ ದೂರು ಹೊತ್ತುಕೊಂಡು ಹೋದಾಗ ಆಕೆ ಹೇಳಿದ ಮಾತು ನನ್ನನ್ನು ತಡೆದು ನಿಲ್ಲಿಸಿತು. ಸಿಗರೇಟಿನ ಹೊಗೆ ಒಸಡಿನ ರಕ್ತಸಂಚಾರವನ್ನು ಅದುಮಿಡುತ್ತದಂತೆ. ರೋಗ ಒಳಗೇ ಬೆಳೆಯುತ್ತಿದ್ದರೂ ಸೇದುವವನ ಒಸಡಿನಲ್ಲಿ ರಕ್ತ ಒಸರುವುದು ಕಡಿಮೆ. ಹೊಗೆ ನಿಂತ ಮೇಲೆ ಒಸಡು ಮೊದಲ ಸಲ ನಿಜ ಹೇಳುತ್ತದೆ. ಕೆಮ್ಮಿನ ಕತೆಯೂ ಅದೇ. ಉಸಿರುನಾಳದ ಒಳಗೋಡೆಯ ತುಂಬ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಕೊಳೆಯನ್ನೂ ಕಫವನ್ನೂ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಹೊಗೆ ಅವುಗಳ ಕೈಕಾಲು ಕಟ್ಟಿರುತ್ತದೆ. ಕಟ್ಟು ಬಿಚ್ಚಿದೊಡನೆ ಅವು ಕೆಲಸಕ್ಕೆ ಇಳಿಯುತ್ತವೆ, ವರ್ಷಗಳ ಕಸ ಹೊರಗೆ ಬರುತ್ತದೆ.

ನಿದ್ದೆಗೇಡಿಗೆ ಕಾರಣ ಮಾತ್ರ ನಾನು ಕನಸಿನಲ್ಲೂ ಎಣಿಸದ ಕಡೆ ಇತ್ತು: ಕಾಫಿಯಲ್ಲಿ. ನಾನು ಸಾಗರದ ಕಡೆಯವನು, ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಇಲ್ಲಿಯೂ ತಪ್ಪಿಸಿದವನಲ್ಲ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಸದಾ ಕೆರಳಿಸಿ ಇಟ್ಟಿರುತ್ತವೆ. ಆ ಕಿಣ್ವ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಈ ಕೆಲಸ ಹೊಗೆಯದು, ನಿಕೋಟಿನ್ನಿನದಲ್ಲ. ಹಾಗಾಗಿ ವೇಪ್‌ಗೆ ಬದಲಾದರೂ ಕೆಲವೇ ದಿನಗಳಲ್ಲಿ ಆ ಕೆರಳಿಕೆ ಇಳಿಯುತ್ತದೆ. ಕುಡಿಯುವ ಕಾಫಿ ಅಷ್ಟೇ, ರಕ್ತದಲ್ಲಿ ಉಳಿಯುವ ಕೆಫೀನ್ ಸುಮಾರು ಎರಡರಷ್ಟು. ಅದೇ ಕಿಣ್ವ ಕರಗಿಸುವ ಮಾತ್ರೆಗಳೂ ಇವೆ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್, ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಅಂಥವು. ಅವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆ ವೈದ್ಯರಿಗೆ ಹೇಳಲೇಬೇಕು, ಪ್ರಮಾಣ ಇಳಿಸಬೇಕಾಗಬಹುದು. ನಾನು ಕಾಫಿಯನ್ನು ಎರಡು ಲೋಟಕ್ಕೆ ಇಳಿಸಿದೆ. ವಾರದೊಳಗೆ ನಿದ್ದೆ ಬಂತು.

ಅವತ್ತು ಕೇಂದ್ರದಿಂದ ಮನೆಗೆ ನಡೆದು ಬರುವಾಗ ನಾಚಿಕೆಯಾಯಿತು. ನಾನು ಎಂಥ ತೀರ್ಪು ಕೊಟ್ಟಿದ್ದೆ! ಸಾಲ ಮಾಡಿದವನು ಊರು ಬಿಟ್ಟ ಮೇಲೆ ಸಾಲ ಕೊಟ್ಟವರು ಬಾಗಿಲು ತಟ್ಟುತ್ತಾರೆ. ಹೊಸದಾಗಿ ಮನೆಗೆ ಬಂದವನ ಕೊರಳಪಟ್ಟಿ ಹಿಡಿದರೆ ಅದು ನ್ಯಾಯವೆ? ಬದುಕಿನ ಬೇರೆ ಕಡೆಯೂ ನಾವು ಹೀಗೇ ಮಾಡುತ್ತೇವೆ. ಮುಚ್ಚಿಟ್ಟ ನೋವು ಹೊರಬಿದ್ದ ದಿನವನ್ನೇ ನೋವು ಹುಟ್ಟಿದ ದಿನ ಎಂದು ಬರೆದಿಡುತ್ತೇವೆ.

ಹಾಗೆಂದು ಹೊಸಬನ ಲೆಕ್ಕವನ್ನು ಖಾಲಿ ಬಿಡಲಾಗದು. ಗಂಟಲು ಒಣಗುವುದು ವೇಪ್‌ನದೇ ಕೊಡುಗೆ. ಅದರ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ನೀರನ್ನು ಹೀರುತ್ತದೆ. ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸುವ ನಿಕೋಟಿನ್ ಸಿಗರೇಟಿನಲ್ಲಿದ್ದದ್ದೇ ಇಲ್ಲಿಯೂ ಇದೆ. ಉರಿ ಇಲ್ಲ, ಆದ್ದರಿಂದ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕನೆಯ ವಾರ ಊದಿದಾಗ 26 ಇದ್ದದ್ದು 2 ಆಗಿತ್ತು. ಮೂರನೆಯ ಮಹಡಿಗೆ ನಿಲ್ಲದೆ ಹತ್ತಿದೆ. ಮಳೆ ಬಿದ್ದ ಮಣ್ಣಿನ ವಾಸನೆ ಎಷ್ಟೋ ವರ್ಷಗಳ ಮೇಲೆ ಮೂಗಿಗೆ ಬಂತು. ಇದನ್ನೆಲ್ಲ ಅಲ್ಲಗಳೆಯುವುದು ಕೃತಘ್ನತೆ. ಆದರೆ ಚೀನಾದ ಔಷಧತಜ್ಞ ಹೋನ್ ಲಿಕ್ ವೇಪನ್ನು ರೂಪಿಸಿದ್ದು 2003ರಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ಸಂಶೋಧಕರಾದ ಡಾಲ್ ಮತ್ತು ಹಿಲ್ 1950ರಲ್ಲಿ ತೋರಿಸುವ ಹೊತ್ತಿಗೆ ಜನ ದಶಕಗಳ ಕಾಲ ಸೇದಿಯಾಗಿತ್ತು. ಈ ಆವಿಯ ಪೂರ್ತಿ ಲೆಕ್ಕ ಬರೆಯಲು ಇನ್ನೂ ಸಾಕಷ್ಟು ಕಾಲ ಸಂದಿಲ್ಲ.

ನನ್ನನ್ನು ಕಾಡಿದ್ದು ಅದಕ್ಕಿಂತ ಹತ್ತಿರದ ಸಂಗತಿ. ಸಿಗರೇಟು ಉರಿದು ಮುಗಿಯುತ್ತದೆ. ಅದಕ್ಕಾಗಿ ಕೋಟು ಹಾಕಿಕೊಂಡು ಹೊರಗೆ ಹೋಗಬೇಕು, ಚಳಿಯಲ್ಲಿ ನಿಲ್ಲಬೇಕು, ಕೊನೆಗೆ ತುಂಡನ್ನು ಹೊಸಕಬೇಕು. ವೇಪ್‌ಗೆ ಹೊಸಕುವ ತುಂಡಿಲ್ಲ. ಅದು ಮೇಜಿನ ಮೇಲಿತ್ತು, ದಿಂಬಿನ ಪಕ್ಕದಲ್ಲಿತ್ತು, ಊರಿಗೆ ವಿಡಿಯೊ ಕರೆ ಮಾಡುವಾಗ ಕೈಯಲ್ಲಿತ್ತು. ಅಮ್ಮ ಒಂದು ದಿನ ನೋಡಿ ಕೇಳಿದಳು: “ಹೊಗೆ ಬಿಟ್ಟೆ ಅಂದ್ಯಲ್ಲೋ, ಮತ್ತೆ ಬಾಯಿಂದ ಬರ್ತಿರೋದು ಏನು?” ಆವಿ ಎಂದೆ. ಆಕೆ ಸುಮ್ಮನಾದಳು, ಒಪ್ಪಲಿಲ್ಲ.

2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಇಂಗ್ಲೆಂಡಿನದೇ ಒಂದು ಅಧ್ಯಯನ ಬಂದಿತ್ತು. 886 ಧೂಮಪಾನಿಗಳಲ್ಲಿ ವೇಪ್ ಪಡೆದವರ ಪೈಕಿ ಶೇಕಡ 18 ಮಂದಿ ಒಂದು ವರ್ಷದ ಮೇಲೂ ಸಿಗರೇಟು ಮುಟ್ಟಿರಲಿಲ್ಲ. ನಿಕೋಟಿನ್ ಪಟ್ಟಿ, ಗಮ್ ಮುಂತಾದವನ್ನು ಪಡೆದವರಲ್ಲಿ ಶೇಕಡ 9.9. ಎಲ್ಲರೂ ಎತ್ತಿ ಹೇಳುವುದು ಈ ಸಂಖ್ಯೆಗಳನ್ನು. ಅದೇ ಲೇಖನದಲ್ಲಿ ಇನ್ನೊಂದಿದೆ. ವೇಪ್‌ನಿಂದ ಸಿಗರೇಟು ಬಿಟ್ಟವರಲ್ಲಿ ಶೇಕಡ 80 ಮಂದಿ ವರ್ಷ ಕಳೆದರೂ ವೇಪ್ ಬಿಟ್ಟಿರಲಿಲ್ಲ. ಪಟ್ಟಿ, ಗಮ್‌ಗಳಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು ಶೇಕಡ 9. ನಾನು ಆ 80ರಲ್ಲಿ ಒಬ್ಬನಾಗುವ ಹಾದಿಯಲ್ಲಿದ್ದೆ.

ಅದು ತಿಳಿದದ್ದು ಊರಿಗೆ ಹೋದಾಗ. ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಂಗ್ರಹ ಎಲ್ಲವನ್ನೂ ಭಾರತ 2019ರ ಕಾಯ್ದೆಯಿಂದ ನಿಷೇಧಿಸಿದೆ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. ಸಾಧನವನ್ನು ಬರ್ಮಿಂಗ್‌ಹ್ಯಾಮಿನಲ್ಲೇ ಬಿಟ್ಟು ವಿಮಾನ ಹತ್ತಿದೆ. ಸಾಗರ ತಲುಪಿದ ಎರಡನೆಯ ದಿನ, ಬೀರುವಿನ ಕೀಲಿ ಎಲ್ಲಿಟ್ಟೆ ಎಂದು ಅಮ್ಮನ ಮೇಲೆ ಕೂಗಾಡಿದೆ. ಕೀಲಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಎಪ್ಪತ್ತೆರಡು ವರ್ಷದ ಆಕೆ ಒಂದೇ ಮಾತಂದಳು: “ನೀನು ಹೀಗೆ ಕೂಗೋನಲ್ಲ. ಮೈ ಹುಷಾರಿಲ್ವೇನೋ?”

ಮೈ ಹುಷಾರಾಗಿಯೇ ಇತ್ತು. ಶ್ವಾಸಕೋಶ ಚೊಕ್ಕಟವಾಗಿತ್ತು. ಆದರೆ ಒಂದು ವಸ್ತು ಕೈಯಲ್ಲಿಲ್ಲದ ಮಾತ್ರಕ್ಕೆ ಹೆತ್ತವಳ ಮೇಲೆ ದನಿ ಏರಿಸುವವನನ್ನು ಆರೋಗ್ಯವಂತ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾತಿಲ್ಲದೆ ಎದ್ದು ಬಸ್‌ಸ್ಟ್ಯಾಂಡಿನ ತನಕ ನಡೆದೆ. ಗೂಡಂಗಡಿಯಲ್ಲಿ ಬಾಳೆಗೊನೆಯ ಪಕ್ಕ, ಹುಡುಗನಾಗಿದ್ದಾಗ ಕಂಡ ಹಾಗೆಯೇ, ತುದಿಯಲ್ಲಿ ಬೆಂಕಿ ಕನಲುವ ತೆಂಗಿನ ನಾರಿನ ಹಗ್ಗ ತೂಗುತ್ತಿತ್ತು. ಸಿಗರೇಟು ಕೇಳಿದರೆ ಕೊಡುತ್ತಿದ್ದರು. ಆ ಹಗ್ಗದ ಮುಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಎರಡು ಬಾಳೆಹಣ್ಣು ಕೊಂಡು ಮನೆಗೆ ಬಂದು ಅಮ್ಮನ ಕ್ಷಮೆ ಕೇಳಿದೆ. ಮೂರು ವಾರ ಅಲ್ಲಿದ್ದೆ. ಎರಡನೆಯ ವಾರದ ಹೊತ್ತಿಗೆ ಕೆರಳಿಕೆ ತಾನಾಗಿ ಇಳಿದಿತ್ತು.

ಇಂಗ್ಲೆಂಡಿಗೆ ಮರಳಿದವನು ಒಂದು ತಿಂಗಳಾಗುವ ಮೊದಲೇ ವೇಪನ್ನು ಮತ್ತೆ ಹಿಡಿದೆ, ಮುಚ್ಚಿಡುವುದಿಲ್ಲ. ಆದರೆ ಈ ಸಲ ಅದಕ್ಕೊಂದು ಕೊನೆ ಬರೆದಿಟ್ಟೆ. ದ್ರವದ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಇದ್ದದ್ದನ್ನು 12ಕ್ಕೆ, 6ಕ್ಕೆ, 3ಕ್ಕೆ ಇಳಿಸಿದೆ. ಮಲಗುವ ಕೋಣೆಗೆ ತರುವುದನ್ನು ನಿಲ್ಲಿಸಿದೆ. ಕೊನೆಯ ದ್ರವದ ಸೀಸೆ ಖಾಲಿಯಾದ ದಿನ ಇನ್ನೊಂದನ್ನು ಕೊಳ್ಳಲಿಲ್ಲ.

ಎಂದೂ ಸೇದದ ಹುಡುಗ ಹುಡುಗಿಯರೆ, ಹಣ್ಣಿನ ವಾಸನೆಯ ಆ ಬಣ್ಣದ ಕಡ್ಡಿಯನ್ನು ಯಾರು ಕೊಟ್ಟರೂ ಮುಟ್ಟಬೇಡಿ; ನಿಮಗೆ ತೀರಿಸಲು ಹಳೆಯ ಬಾಕಿಯೇ ಇಲ್ಲ. ಸೇದುತ್ತಿರುವ ಅಣ್ಣಂದಿರೆ, ನಮ್ಮ ನಾಡಿನಲ್ಲಿ ವೇಪ್ ಸಿಗುವುದಿಲ್ಲವೆಂದು ದಾರಿ ಮುಚ್ಚಿಲ್ಲ. ನಿಕೋಟಿನ್ ಗಮ್, ಪಟ್ಟಿಗಳು ಔಷಧದ ಅಂಗಡಿಯಲ್ಲಿವೆ. 1800-11-2356ಕ್ಕೆ ಕರೆ ಮಾಡಿ. ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬಿಟ್ಟ ಮೇಲೆ ಒಸಡಿನಲ್ಲಿ ರಕ್ತ ಕಂಡರೆ, ಕೆಮ್ಮು ಹೆಚ್ಚಿದರೆ, ದಯವಿಟ್ಟು ಸಿಗರೇಟಿನ ಅಂಗಡಿಗೆ ಹೋಗಬೇಡಿ, ವೈದ್ಯರಲ್ಲಿಗೆ ಹೋಗಿ.