ಸೀಸನ್ ಅಲ್ಲದ ದಿನಗಳು

2023ರ ಜುಲೈ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಐದು ದಿನ ಗೋವಾದ ಸಮುದ್ರದಂಡೆಯಲ್ಲಿ ಇದ್ದು ಬಂದೆವು. ‘ಮಳೆಗಾಲದಲ್ಲಿ ಯಾರಾದರೂ ಗೋವಾಕ್ಕೆ ಹೋಗುತ್ತಾರೇನ್ರೀ?’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಯಾರೂ ಹೋಗುವುದಿಲ್ಲ, ಅದಕ್ಕೇ ನಮಗೆ ಹೋಗಲು ಸಾಧ್ಯವಾದದ್ದು. ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ಬೆಂಗಳೂರಿನ ಮಗ ಒಂದು ಪ್ಯಾಕೇಜ್ ಮಾಡಿಸಿದ್ದ. ನಾಲ್ಕು ರಾತ್ರಿ, ಬೆಳಗಿನ ತಿಂಡಿ, ಸ್ಟೇಷನ್ನಿನಿಂದ ಕಾರು, ಎಲ್ಲವೂ ಸೇರಿ. ಡಿಸೆಂಬರಿನಲ್ಲಿ ಒಂದು ರಾತ್ರಿಗೆ ಕೊಡುವ ದುಡ್ಡಿನಲ್ಲಿ ಈಗ ನಾಲ್ಕು ರಾತ್ರಿ ಕಳೆಯಬಹುದಂತೆ. ‘ಆಫ್ ಸೀಸನ್ ಅಮ್ಮಾ, ಸುಮ್ಮನೆ ಹೋಗಿ ಕೂತು ಬನ್ನಿ’ ಎಂದ. ಸುಮ್ಮನೆ ಕೂತು ಬರುವುದು ಎಷ್ಟು ಕಷ್ಟದ ಕೆಲಸವೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ದೂಧಸಾಗರದ ತುಂತುರು ಕಿಟಕಿಯೊಳಗೇ ಬಂತು. ಮಡಗಾವಿನಿಂದ ಬಾಣಾವಲಿ ಹೆಚ್ಚು ದೂರವಿಲ್ಲ. ಪರಶುರಾಮ ಬಿಟ್ಟ ಬಾಣ ಬಿದ್ದ ಜಾಗ, ಅದಕ್ಕೇ ಆ ಹೆಸರು ಎಂದು ಕಾರಿನ ಡ್ರೈವರ್ ಹೇಳಿದ. ನಮ್ಮ ಹೋಟೆಲು ‘ಅಪಾರ್ಟ್‌ಮೆಂಟ್ ಹೋಟೆಲ್’ ಎಂಬ ಜಾತಿಯದು. ಅಂದರೆ ಕೋಣೆಯ ಜೊತೆಗೆ ಒಂದು ಪುಟ್ಟ ಅಡುಗೆಮನೆಯೂ ಇರುತ್ತದೆ. ಮೂರು ಕಟ್ಟಡಗಳಲ್ಲಿ ಎರಡಕ್ಕೆ ಬೀಗ. ಈಜುಕೊಳದ ಮೇಲೆ ನೀಲಿ ತಾಡಪಾಲು, ಅದರ ಮೇಲೆ ಮಳೆನೀರು, ನೀರಿನಲ್ಲಿ ಕಪ್ಪೆ. ಬೆತ್ತದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗದಿಂದ ಬಿಗಿದಿದ್ದರು.

ಸಮುದ್ರದಂಡೆಯಲ್ಲೂ ಅದೇ ಕಥೆ. ಸೀಸನ್ನಿನಲ್ಲಿ ಬಿದಿರು, ತೆಂಗಿನ ಗರಿಗಳಿಂದ ಕಟ್ಟುವ ಊಟದ ಗುಡಿಸಲುಗಳನ್ನು ಮಳೆಗೆ ಮುಂಚೆಯೇ ಬಿಚ್ಚಿ ಒಯ್ದಿದ್ದರು. ಕೆಂಪು ಬಾವುಟ ನೆಟ್ಟಿತ್ತು, ನೀರಿಗೆ ಇಳಿಯುವಂತಿಲ್ಲ. ದೋಣಿಗಳು ದಂಡೆಯ ಮೇಲೆ ಗರಿ ಹೊದ್ದು ಮಲಗಿದ್ದವು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ. ಒಡಿಶಾ, ಝಾರ್ಖಂಡದಿಂದ ಬಂದ ದೋಣಿಯಾಳುಗಳು ಆ ಎರಡು ತಿಂಗಳು ಊರಿಗೆ ಹೋಗುತ್ತಾರೆ. ಗೋವಾದ ಹೆಂಗಸರು ಮಳೆಗಾಲಕ್ಕೆಂದು ಒಣಮೀನು, ಮೆಣಸಿನಕಾಯಿ, ಕೋಕಂ, ಅಕ್ಕಿ ಕೂಡಿಡುವುದಕ್ಕೆ ‘ಪುರುಮೆಂತ್’ ಎಂಬ ಹೆಸರಿದೆ. ಪೋರ್ಚುಗೀಸ್ ಮಾತಿನಿಂದ ಬಂದದ್ದು. ನಾವು ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಡಬ್ಬಿ ತುಂಬುವುದಿಲ್ಲವೇ, ಹಾಗೆ. ಕಡಲಿಗೂ ರಜೆ, ಮೀನಿಗೂ ರಜೆ, ನಮಗೂ ರಜೆ ಎಂದು ಮೊದಲ ಸಂಜೆ ಬಾಲ್ಕನಿಯಲ್ಲಿ ನಿಂತು ಹಿಗ್ಗಿದೆ.

ಆದರೆ ಕೋಣೆಯಲ್ಲಿ ಆ ಅಡುಗೆಮನೆ ಇತ್ತಲ್ಲ! ಒಂದು ಕರೆಂಟಿನ ಒಲೆ, ಎರಡು ಪಾತ್ರೆ, ನಾಲ್ಕು ತಟ್ಟೆ, ಪುಟ್ಟ ಫ್ರಿಜ್ಜು. ಪಾತ್ರೆ ಕಂಡಮೇಲೆ ನಮ್ಮಂಥವರ ಕೈ ಸುಮ್ಮನಿರುತ್ತದೆಯೇ? ಬೀಗರ ಮನೆಗೆ ಹೋದರೂ ಸೆರಗು ಸಿಕ್ಕಿಸಿ ‘ಕೊಡ್ರೀ, ನಾನು ಹೆಚ್ಚಿ ಕೊಡ್ತೀನಿ’ ಎನ್ನುವ ಪೀಳಿಗೆ ನಮ್ಮದು. ಇವರೂ ‘ಹೋಟೆಲಿನ ಚಹಾ ಬರೀ ನೀರು, ನೀನೇ ಒಂದು ಕಪ್ ಮಾಡು’ ಎಂದರು. ಚಹಾ ಮಾಡಿದ ಮೇಲೆ ಕಟ್ಟೆ ಒರೆಸಿದೆ. ಕಟ್ಟೆ ಒರೆಸಿದ ಮೇಲೆ ನೆಲ ಕಣ್ಣಿಗೆ ಬಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಹೆಂಗಸು ಬಕೆಟ್ಟು, ಕಸಬರಿಗೆ, ಮಡಿಸಿದ ಚಾದರ ಹಿಡಿದು ನಿಂತಿದ್ದಳು. ಮೂವತ್ತೈದರ ಪ್ರಾಯ. ಒಳಗೆ ಕಣ್ಣು ಹಾಯಿಸಿದಳು. ನಾನು ಆಗಲೇ ಗುಡಿಸಿ, ಹಾಸಿಗೆ ಸರಿಮಾಡಿ, ಬಚ್ಚಲು ತಿಕ್ಕಿ ಮುಗಿಸಿದ್ದೆ. ಹಿಂದಿಯಲ್ಲಿ ‘ಬೇಡಮ್ಮಾ, ಎಲ್ಲ ಆಗಿದೆ’ ಎಂದೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ನಾವು ಮಲಗಿದ ಹಾಸಿಗೆಯನ್ನು ಇನ್ನೊಬ್ಬರಿಂದ ಎತ್ತಿಸಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಪಾಪ, ಬಡವಿಯ ಕೆಲಸ ಅಷ್ಟು ಹಗುರಾಯಿತಲ್ಲ ಎಂದು ನನಗೆ ನನ್ನ ಬಗ್ಗೆಯೇ ಮೆಚ್ಚುಗೆ. ಇವರ ಹತ್ತಿರ ಹೇಳಿಕೊಂಡೂ ಬಿಟ್ಟೆ. ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ನಿವೃತ್ತರಾದ ಇವರು ಪೇಪರಿನಿಂದ ತಲೆಯೆತ್ತದೆ ‘ಹೂಂ’ ಎಂದರು.

ಮೂರನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ನಾವಿಬ್ಬರೂ ಛತ್ರಿಯ ವಿಷಯಕ್ಕೆ ಜೋರಾಗಿ ಮಾತಾಡುತ್ತ ಬರುತ್ತಿದ್ದೆವು. ಆಕೆ ಎದುರಿಗೆ ನಿಂತು ಕೇಳಿದಳು: ‘ನೀವು ಕನ್ನಡದಾವರೇನ್ರಿ?’ ಹಾವೇರಿ ಕಡೆಯವರೆಂದೆ. ನಿಂದ್ಯಾವೂರವ್ವಾ ಎಂದರೆ, ರೋಣ ತಾಲ್ಲೂಕು. ಗೋವಾಕ್ಕೆ ಬಂದು ಒಂಬತ್ತು ವರ್ಷ. ಗಂಡ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಮಳೆಗಾಲದಲ್ಲಿ ಅದೂ ಇಲ್ಲ. ಮಡಗಾವಿನ ಹತ್ತಿರ ಬಾಡಿಗೆ ಖೋಲಿ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೀಗೆ ಗೋವಾಕ್ಕೆ ಬಂದು ಗಾರೆ, ಕಲ್ಲು, ಕಸಬರಿಗೆ ಹಿಡಿದವರು ಎಷ್ಟೋ ಜನ. ಅವರಿಲ್ಲದೆ ಅಲ್ಲಿ ಒಂದು ಗೋಡೆಯೂ ಏಳುವುದಿಲ್ಲ ಎನ್ನಿಸುತ್ತದೆ.

ನಾನು ಟೀಚರೆಂದು ತಿಳಿದಮೇಲೆ ಆಕೆಯ ಮುಖ ಒಂದಿಷ್ಟು ಸಡಿಲಾಯಿತು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವಂತೆಯೇ ಕರೆದಳು.

‘ಅಕ್ಕೋರ, ಒಂದು ಮಾತ ಹೇಳಲೇನ್ರಿ? ನಾಳಿಗೆ ನೀವು ಹೊಕ್ಕೀರಿ. ನೀವು ದಿನಾ ಬ್ಯಾಡ ಬ್ಯಾಡ ಅಂದ್ರಿ. ಮಳಿಗಾಲದಾಗ ನಮಗ ತಿಂಗಳ ಪಗಾರ ಇಲ್ರಿ. ಖೋಲಿ ಲೆಕ್ಕ. ಎಷ್ಟು ಖೋಲಿ ಹಸನ ಮಾಡತೀವಿ ಅಷ್ಟಽ ರೊಕ್ಕ. ಈಗ ಇರೋದಽ ನಾಕು ಖೋಲಿ ಮಂದಿ. ಅದರಾಗ ನಿಮ್ಮದು ಮೂರು ದಿವಸ ಹೋತ್ರಿ.’

ಸೀಸನ್ನಿನಲ್ಲಿ ಎಂಟು ಜನ ಹೆಂಗಸರಂತೆ. ಮೇ ತಿಂಗಳ ಕೊನೆಗೆ ಆರು ಜನರಿಗೆ ಊರಿಗೆ ಹೋಗಿ ಎಂದರಂತೆ. ಉಳಿದ ಇಬ್ಬರಲ್ಲಿ ಈಕೆ ಒಬ್ಬಳು. ಪ್ರತಿ ಕೋಣೆಗೂ ಒಂದು ಚೀಟಿ, ಅದರ ಮೇಲೆ ಉಳಿದುಕೊಂಡವರ ಸಹಿ. ಚೀಟಿಗಳನ್ನು ಲೆಕ್ಕ ಹಾಕಿ ವಾರಕ್ಕೊಮ್ಮೆ ಬಟವಾಡೆ. ನನ್ನ ದಯೆಯ ಬೆಲೆ ಮೂರು ಚೀಟಿ.

ನಾಚಿಕೆಯಿಂದ ಪರ್ಸು ತೆಗೆದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ‘ರೊಕ್ಕ ಕೊಡೂದು ನೀವಲ್ರಿ, ಅವರು. ನೀವು ಸೈ ಮಾಡ್ರಿ ಸಾಕು. ಸುಮ್ಮನ ಬ್ಯಾಡ, ಈಗ ಬಂದು ಎಲ್ಲಾ ತಿಕ್ಕಿ ಹೊಕ್ಕೀನಿ.’

ಕೋಣೆಯೊಳಗೆ ಬಂದಮೇಲೆ ಇವರು ಪೇಪರು ಮಡಿಸಿಟ್ಟರು. ‘ದುಡ್ಡು ಕೊಡು, ಬೇಕಾದರೆ ಎರಡರಷ್ಟು ಕೊಡು. ಮಾಡದ ಕೆಲಸಕ್ಕೆ ತಾರೀಖು ಹಾಕಿ ಸಹಿ ಮಾಡಬೇಡ’ ಎಂದರು. ಇವರ ಮಾತು ತಪ್ಪಲ್ಲ. ಪ್ರಗತಿಪತ್ರಕ್ಕೆ ಅಪ್ಪನ ಸಹಿ ತಾನೇ ಹಾಕಿಕೊಂಡು ಬಂದ ಹುಡುಗರನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದವಳು. ಆದರೂ ಒಂದು ವಿಚಾರ ಗಂಟಲಲ್ಲಿ ಸಿಕ್ಕಿಕೊಂಡಿತು. ದುಡ್ಡು ಕೊಟ್ಟರೆ ಅದು ನನ್ನ ದಾನ; ನಾನು ಇನ್ನೊಂದು ಸಲ ದೊಡ್ಡವಳಾಗುತ್ತೇನೆ. ಚೀಟಿಗೆ ಸಹಿ ಮಾಡಿದರೆ ಅದು ಅವಳ ಕೂಲಿ. ನಾನು ಸಣ್ಣದೊಂದು ಸುಳ್ಳುಗಾರ್ತಿಯಾಗುತ್ತೇನೆ. ಅವಳಿಗೆ ಬೇಕಾದದ್ದು ಎರಡನೆಯದು. ಬಕೆಟ್ಟು ಹಿಡಿದು ಮೂರು ದಿನವೂ ಬಾಗಿಲಿಗೆ ಬಂದವಳು ಅವಳು. ಕೆಲಸ ಕಸಿದುಕೊಂಡವಳು ನಾನು. ಹಾಗಾದರೆ ಸುಳ್ಳು ಎಲ್ಲಿ ಶುರುವಾಯಿತು?

ನಾನು ಸಮಾಜ ವಿಜ್ಞಾನ ಕಲಿಸುವವಳು. ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ಫ್ರಾನ್ಸಿನಲ್ಲಿ 1936ರ ಬೇಸಿಗೆಯಲ್ಲಿ ಸರ್ಕಾರ ಎರಡು ವಾರದ ಸಂಬಳಸಹಿತ ರಜೆಯ ಕಾನೂನು ತಂದಾಗ, ಅಷ್ಟು ವಯಸ್ಸಾದರೂ ಸಮುದ್ರ ನೋಡಿರದ ಕೆಲಸಗಾರರು ರೈಲು ಹತ್ತಿ ಕಡಲ ದಂಡೆಗೆ ಹೋದರು. 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿಯಲ್ಲಿ ವಿಶ್ರಾಂತಿಯೂ ಒಂದು ಹಕ್ಕು, ಸಂಬಳಸಹಿತ ರಜೆಯೂ ಒಂದು ಹಕ್ಕು. ನಮ್ಮ ಸಂವಿಧಾನದ 43ನೇ ವಿಧಿಯಲ್ಲೂ ಕೆಲಸಗಾರರ ಬಿಡುವಿನ ಮಾತಿದೆ. ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳುವಂತಿಲ್ಲ ಎಂಬುದನ್ನು ಎರಡು ಅಂಕದ ಪ್ರಶ್ನೆಯಾಗಿ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಇಷ್ಟೆಲ್ಲ ಗೊತ್ತಿದ್ದೂ, ರಜೆ ಅಂದರೆ ಕೆಲಸವಿಲ್ಲದ ದಿನ ಎಂದೇ ನಾನು ತಿಳಿದಿದ್ದೆ. ಊರಿಗೆ ಹೋದ ಆ ಆರು ಜನ ಹೆಂಗಸರಿಗೂ ಕೆಲಸವಿಲ್ಲದ ದಿನಗಳೇ. ಅದನ್ನು ಅವರು ರಜೆ ಎನ್ನುತ್ತಾರೆಯೇ? ದಂಡೆಯ ಮೇಲೆ ಮಲಗಿದ ದೋಣಿಯ ಆಳುಗಳನ್ನೂ ನಾನು ರಜೆಯ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದೆ.

ನನ್ನ ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಫಲಿತಾಂಶ ಹೇಳಿ ಮನೆಗೆ ಬರುತ್ತೇನೆ. ಮೇ ತಿಂಗಳ ಕೊನೆಯ ತನಕ ಮಧ್ಯಾಹ್ನ ನಿದ್ದೆ, ಉಪ್ಪಿನಕಾಯಿ, ತವರುಮನೆ. ಒಂದೇ ಒಂದು ವರ್ಷವೂ ಆ ಸಂಬಳ ತಪ್ಪಿಲ್ಲ. ಅದೂ ನನ್ನ ಆಫ್ ಸೀಸನ್ನೇ ಅಲ್ಲವೇ? ಯಾರೂ ನನ್ನ ಚೀಟಿ ಎಣಿಸಲಿಲ್ಲ. ಆ ಸಂಬಳಕ್ಕೆ ನಾನು ಅಪಾತ್ರಳು ಎಂದಲ್ಲ. ವರ್ಷವಿಡೀ ಅರವತ್ತು ಮಕ್ಕಳ ತರಗತಿಯಲ್ಲಿ ಗಂಟಲು ಹರಿದುಕೊಂಡವಳಿಗೆ ಬಿಡುವು ಬೇಕೇ ಬೇಕು. ಆದರೆ ಆರು ತಿಂಗಳು ಬೇರೆಯವರ ಹಾಸಿಗೆ ಎತ್ತಿದವಳ ಸೊಂಟಕ್ಕೆ ಬೇಡವೇ?

ಆಕೆ ಬಂದಳು. ತೊಳೆದದ್ದನ್ನೇ ತೊಳೆದಳು. ಕನ್ನಡಿ ಒರೆಸಿದಳು, ಮಂಚ ಸರಿಸಿ ಗುಡಿಸಿದಳು, ನಾನು ಬೆಳಿಗ್ಗೆ ತಿಕ್ಕಿದ ಬಚ್ಚಲನ್ನು ಬ್ರಷ್ಷು ಹಿಡಿದು ಮತ್ತೆ ತಿಕ್ಕಿದಳು. ನಾನು ಬಾಲ್ಕನಿಯ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಮುಕ್ಕಾಲು ಗಂಟೆ. ನೀವು ಮನೆಗೆಲಸ ಮಾಡುವ ಹೆಂಗಸರಾಗಿದ್ದರೆ ನಂಬುತ್ತೀರಿ: ನನ್ನ ಕೈಗಳು ತುರಿಸುತ್ತಿದ್ದವು. ಆ ತೊಳೆಯುವಿಕೆ ಯಾರಿಗಾಗಿ ನಡೆದಿತ್ತೆಂದು ಈಗಲೂ ಯೋಚಿಸುತ್ತೇನೆ. ಕೋಣೆಗೆ ಅದು ಬೇಕಿರಲಿಲ್ಲ. ನನ್ನ ಸಹಿಯ ಕೊಳೆ ಹೋಗಲೆಂದು ಅವಳ ಕೈಯಿಂದ ಅರ್ಧ ಬಾಟಲಿ ಫಿನಾಯಿಲು ಹಾಕಿಸಿದೆನೇ? ‘ಬೇಡ, ಕೂತುಕೋ, ಸಹಿ ಹಾಕುತ್ತೇನೆ’ ಎನ್ನುವ ಧೈರ್ಯ ಯಾಕೆ ಬರಲಿಲ್ಲ? ಇಲ್ಲ, ಬಿಟ್ಟಿ ಸಹಿ ಅವಳಿಗೇ ಬೇಡವಾಗಿತ್ತು ಎಂದೂ ಅನ್ನಿಸುತ್ತದೆ. ಎರಡೂ ನಿಜವಿರಬಹುದು.

ಮೂರು ಚೀಟಿಗೂ ಸಹಿ ಮಾಡಿದೆ. ಮೂರು ತಾರೀಖು, ಮೂರು ಸಲ ನನ್ನ ಪೂರ್ತಿ ಹೆಸರು, ಬಿ.ಎ., ಬಿ.ಎಡ್. ಮಾತ್ರ ಬರೆಯಲಿಲ್ಲ. ಇವರು ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು.

ಆಮೇಲೆ ಚಹಾ ಮಾಡಿ ‘ಕುಡಿದು ಹೋಗು’ ಎಂದೆ. ಕುರ್ಚಿ ತೋರಿಸಿದರೆ ಕೂರಲಿಲ್ಲ. ಸೂಪರ್‌ವೈಸರ್ ಬಂದರೆ ಕಸಬರಿಗೆ ಕೈಗೆ ಸಿಗುವಂತೆ ಬಾಗಿಲ ಸಂದಿಯಲ್ಲಿ ನೆಲಕ್ಕೆ ಕೂತಳು. ಹೊರಗೆ ಕಡಲು ಅಷ್ಟು ಅಬ್ಬರಿಸುತ್ತಿತ್ತು, ಅವಳು ಆ ಕಡೆ ನೋಡಲೂ ಇಲ್ಲ. ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ, ಹತ್ತನೇತ್ತ. ಗಣಿತ ಕಠಿಣವಂತೆ. ‘ಪಾಸಾದರ ಮುಂದ ಏನ ಓದಿಸೂದ್ರಿ ಅಕ್ಕೋರ?’ ಎಂದು ಕೇಳಿದಳು. ಆ ಹತ್ತು ನಿಮಿಷ ಅದೇ ಮಾತು. ಡಿಪ್ಲೊಮಾ, ನರ್ಸಿಂಗ್, ಹಾಸ್ಟೆಲು ಎಂದು ಏನೇನೋ ಹೇಳಿದೆ. ಕಪ್ಪನ್ನು ತಾನೇ ತೊಳೆಯಲು ಎದ್ದಳು. ನಾನು ಕೊಡಲಿಲ್ಲ. ಅದಕ್ಕೆ ಚೀಟಿ ಇಲ್ಲವಲ್ಲ, ಇರಲಿ ಎಂದೆ. ಮೊದಲ ಸಲ ನಕ್ಕಳು.

ಮರುದಿನ ರೈಲು ಘಟ್ಟ ಹತ್ತುವಾಗ ಮತ್ತೊಬ್ಬಳು ನೆನಪಾದಳು. ನಮ್ಮ ಶಾಲೆಯಲ್ಲಿ ಒಬ್ಬ ಅತಿಥಿ ಶಿಕ್ಷಕಿ ಇದ್ದಾಳೆ. ಅವಳದೂ ಬಿ.ಎ., ಬಿ.ಎಡ್. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ಜೂನ್‌ನಲ್ಲಿ ಕರೆಯುತ್ತಾರೆ, ಪರೀಕ್ಷೆ ಮುಗಿದಮೇಲೆ ಗೌರವಧನ ನಿಲ್ಲುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪ್ರತಿ ಏಪ್ರಿಲ್‌ನಲ್ಲಿ ನಾನು ಅವಳನ್ನು ‘ಈ ಸಲ ರಜೆಗೆ ಎಲ್ಲಿಗಮ್ಮಾ?’ ಎಂದು ಕೇಳುತ್ತಿದ್ದೆ. ಅವಳು ‘ಇಲ್ಲೇ ಟೀಚರ್’ ಎನ್ನುತ್ತಿದ್ದಳು.

ಆ ವರ್ಷದ ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆಗೆಂದು ಪೇಟೆಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಕಟ್ಟೆಯ ಆಚೆ ಅವಳೇ ನಿಂತಿದ್ದಳು. ‘ಬನ್ನಿ ಟೀಚರ್, ಕೂತ್ಕೊಳ್ಳಿ’ ಎಂದಳು. ನನಗೆ ಒಳ್ಳೆಯ ತಮಾಷೆಯೆನ್ನಿಸಿತು. ಇಳಕಲ್ಲು ತೋರಿಸು, ಮೊಳಕಾಲ್ಮೂರು ತೋರಿಸು, ಆ ಬಣ್ಣ ಬೇಡ, ಅಂಚು ದೊಡ್ಡದಾಯಿತು ಎಂದು ಗಂಟೆ ಹೊತ್ತು ಕೂತೆ. ಹದಿನೈದಿಪ್ಪತ್ತು ಸೀರೆ ಬಿಡಿಸಿಸಿದೆ. ಕೊನೆಗೆ ‘ಅಕ್ಕನನ್ನು ಕರೆದುಕೊಂಡು ಬರ್ತೀನಿ’ ಎಂದು ಎದ್ದೆ. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದರೆ ಅವಳು ಒಂದೊಂದೇ ಸೀರೆಯನ್ನು ಗಲ್ಲಕ್ಕೆ ಒತ್ತಿ ಹಿಡಿದು, ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದಳು. ಅಕ್ಕ ಬೇರೆ ಅಂಗಡಿಯಲ್ಲಿ ಕೊಂಡಳು. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.