☸️ ಇಂದಿನ ಚಿಂತನೆ: ನಿಮ್ಮ ಕೆಟಗರಿ ಯಾವುದು?

 


ಕಳೆದ ರವಿವಾರ ಸಂಜೆ ಕೋಟೆ ಹತ್ತಿರದ ಮನೆಯೊಂದರಲ್ಲಿ ವಂದನೆ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಆ ಮನೆಯ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ವಿಡಿಯೋ ಕಾಲ್ ಮಾಡಿದ. ಮೈತುಂಬ ಕೆಸರು. "ಎಲ್ಲಿ ಬಿದ್ದೀಯೋ ಯಪ್ಪಾ?" ಎಂದು ತಾಯಿ ಗಾಬರಿಯಾದರು. ಅವನು ನಕ್ಕ. ಅಲ್ಲಿ ಆಗಿನ್ನೂ ಬೆಳಗು. ಸೈಕಲ್ ರೇಸ್ ಮುಗಿಸಿ ಬಂದಿದ್ದ.

ಆ ಆಟಕ್ಕೆ ಸೈಕ್ಲೋಕ್ರಾಸ್ ಅನ್ನುತ್ತಾರೆ. ಹುಲ್ಲು, ಮರಳು, ಕೆಸರಿನ ಹಾದಿಯಲ್ಲಿ ಸುತ್ತು ಹಾಕಬೇಕು. ನಡುವೆ ಹಲಗೆ ಅಡ್ಡ ಇಟ್ಟಿರುತ್ತಾರೆ. ಅಲ್ಲಿ ಇಳಿದು, ಸೈಕಲ್ ಎತ್ತಿಕೊಂಡು ಓಡಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್‌ನಲ್ಲಿ ಹೆಸರು ಮಾಡಿದ್ದು ನಮಗೆ ಗೊತ್ತು. ಅದು ರಸ್ತೆಯ ಆಟ, ಇದು ಕೆಸರಿನದು. "ನಾ ಇನ್ನೂ ಐದನೇ ಕೆಟಗರಿ" ಎಂದ.

ಕೂತವರೆಲ್ಲ ಒಂದು ಕ್ಷಣ ಸುಮ್ಮನಾದರು. ನಮ್ಮ ಕಿವಿಗೆ ಕೆಟಗರಿ ಎಂದರೆ ಒಂದೇ ಅರ್ಥ. ಪ್ರವರ್ಗ-1, 2ಎ, 3ಬಿ, ಎಸ್‌ಸಿ, ಎಸ್‌ಟಿ. ಶಾಲೆಯ ದಾಖಲಾತಿ ಫಾರ್ಮಿನ ಕಾಲಂ. ಅವನು ಬಿಡಿಸಿ ಹೇಳಿದ. ಅಲ್ಲಿ ಹೊಸಬರೆಲ್ಲ ಐದನೇ ಕೆಟಗರಿ. ಎಲ್ಲಕ್ಕಿಂತ ಮೇಲಿನದು ಒಂದನೇ ಕೆಟಗರಿ. (ನಮ್ಮಲ್ಲಿ ಪ್ರವರ್ಗ-1 ಎಂದರೆ ಅತ್ಯಂತ ಹಿಂದುಳಿದವರು!) ಎಷ್ಟನೆಯವನಾಗಿ ಗುರಿ ಮುಟ್ಟಿದೆ ಎಂಬುದರ ಮೇಲೆ ಅಂಕ. ಅಂಕ ಕೂಡಿದಂತೆ ಮೇಲಿನ ಕೆಟಗರಿ. ಅಂಕ ಹೆಚ್ಚಿದ್ದವರಿಗೆ ಶುರುವಿನಲ್ಲಿ ಮುಂದಿನ ಸಾಲು. ಇಕ್ಕಟ್ಟಿನ ಹಾದಿಯಲ್ಲಿ ಹಿಂದಿನ ಸಾಲಿನವನಿಗೆ ದಾಟುವುದು ಕಷ್ಟ. ಆದರೆ ಹಳೆಯ ಅಂಕ ಶಾಶ್ವತವಲ್ಲ, ಕಾಲ ಕಳೆದಂತೆ ಲೆಕ್ಕದಿಂದ ಬಿದ್ದುಹೋಗುತ್ತದೆ.

ಮನುಷ್ಯರನ್ನು ವಿಂಗಡಿಸುವುದೆಲ್ಲ ತಪ್ಪೇ? ಅಲ್ಲ ಅನ್ನಿಸುತ್ತದೆ. ಎಂಟನೇ ತರಗತಿಯ ಮಗುವನ್ನು ಪಿಯುಸಿ ಹುಡುಗನ ಜೊತೆ ಓಡಿಸಿದರೆ ಅದು ಸಮಾನತೆ ಆಗುವುದಿಲ್ಲ. ನೋಡಬೇಕಾದದ್ದು ಎರಡು. ಅಳತೆ ಯಾವುದರದು, ಮಾಡಿದ ಕೆಲಸದ್ದೋ ಹುಟ್ಟಿನದ್ದೋ? ಮೇಲೆ ಹೋಗಲು ಬಾಗಿಲು ಇದೆಯೋ ಇಲ್ಲವೋ?

ಬಾಗಿಲು ಇಲ್ಲದ್ದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಪಲ್ವಣಕರ್ ಬಾಳೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚರ್ಮಕಾರ ಸಮುದಾಯದವರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ಕಿತ್ತರು. ಪುಣೆಯಲ್ಲಿ ಆಡುವಾಗ ಅವರು ಎಸೆದ ಚೆಂಡನ್ನು ಉಳಿದವರು ಮುಟ್ಟುತ್ತಿದ್ದರು. ಚಹಾ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕಪ್ಪಿನಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ತಮ್ಮ ವಿಠ್ಠಲರಿಗೆ ಸಿಕ್ಕಿದ್ದು 1923ರಲ್ಲಿ. ಅಂಕ ಎಷ್ಟು ಕೂಡಿದರೂ ಬಾಗಿಲು ತೆರೆಯದ ಕೆಟಗರಿಗೆ ಜಾತಿ ಎಂದು ಹೆಸರು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ.

ಭಗವಾನರ ಸಂಘದಲ್ಲೂ ಹಿರಿಕಿರಿಯರಿದ್ದರು. ಅಲ್ಲಿನ ಲೆಕ್ಕ ಬೇರೆ. ದೀಕ್ಷೆಯಾಗಿ ಎಷ್ಟು ವಸ್ಸ ಕಳೆಯಿತು ಎಂಬುದೇ ಹಿರಿತನ. ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ತಮ್ಮ ಅಹಂಕಾರ ಇಳಿಯಲಿ, ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ರಾಜಕುಮಾರರು ಕೇಳಿಕೊಂಡರು. ಭಗವಾನರು ಹಾಗೇ ಮಾಡಿದರು. ಅಂದಿನಿಂದ ರಾಜಕುಮಾರರು ಕ್ಷೌರಿಕನಿಗೆ ಕೈಮುಗಿಯಬೇಕಾಯಿತು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರು ಅದೇ ಉಪಾಲಿ ಥೇರರು.

ಅಂದು ನಮ್ಮ ಜೊತೆ ಕೂತಿದ್ದ ಪಿಯುಸಿ ಹುಡುಗಿಯೊಬ್ಬಳು ಕೇಳಿದಳು: "ಸರ, ಕಾಲೇಜಿನಾಗ ನನಗ ಅಂತಾರ, ನೀವು ಕೆಳಗಿನ ಕೆಟಗರಿಯೊಳಗೇ ಇದ್ದು ಸಲೀಸಾಗಿ ಗೆಲ್ತೀರಿ ಅಂತ. ಏನು ಹೇಳಬೇಕ್ರಿ?"

ತಂಗಿ, ಮೀಸಲಾತಿಯ ಕೆಟಗರಿ ನಾವು ಆರಿಸಿಕೊಂಡದ್ದಲ್ಲ. ನಮ್ಮ ಅಜ್ಜ ಮುತ್ತಜ್ಜರನ್ನು ಹಿಂದಿನ ಸಾಲಿನಲ್ಲೂ ನಿಲ್ಲಿಸಿರಲಿಲ್ಲ, ಮೈದಾನದ ಹೊರಗೇ ಇಟ್ಟಿದ್ದರು. ಜಾತಿ ಮುಚ್ಚಿದ ಬಾಗಿಲನ್ನು ಸಂವಿಧಾನ ತೆರೆಯಿತು. ಧರ್ಮ ಬದಲಾದರೂ ಗಾಯ ಅಳಿದಿಲ್ಲ ಎಂದು ಒಪ್ಪಿಯೇ 1990ರಲ್ಲಿ ಬೌದ್ಧರಾದ ನಮ್ಮವರನ್ನೂ ಪರಿಶಿಷ್ಟರ ಪಟ್ಟಿಗೆ ಸೇರಿಸಿದರು. ತಲೆ ಎತ್ತಿ ಹೇಳು.

ಆದರೆ ಬಲ ಇದ್ದೂ ಮುಚ್ಚಿಟ್ಟು ಕೆಳಗಿನ ಕೆಟಗರಿಯಲ್ಲಿ ಗೆಲ್ಲುವವರು ಎಲ್ಲ ಆಟದಲ್ಲೂ ಇದ್ದಾರೆ. ಸೈಕ್ಲೋಕ್ರಾಸ್‌ನಲ್ಲೂ ಇದ್ದಾರಂತೆ. ಗೆದ್ದು ಗೆದ್ದು ಅಲ್ಲೇ ಕೂತವನನ್ನು ಅಧಿಕಾರಿಗಳೇ ಮೇಲೆ ತಳ್ಳುತ್ತಾರೆ. ಅವನು ಇದನ್ನು ಹೇಳುವಾಗ ನಾನು ತಲೆ ತಗ್ಗಿಸಿದೆ. ಕಾರಣ ಇಂದು ನಿಮ್ಮ ಮುಂದೆ ಹೇಳುತ್ತೇನೆ.

ವರ್ಷಗಳ ಹಿಂದೆ ಕಮಲಾಪುರದ ಕಡೆ ಶಾಲಾ ಕ್ರೀಡಾಕೂಟ. ಹದಿನಾಲ್ಕು ದಾಟಿದ ನಮ್ಮ ಹುಡುಗನೊಬ್ಬನನ್ನು ಹದಿನಾಲ್ಕರೊಳಗಿನವರ ವಿಭಾಗಕ್ಕೆ ಸೇರಿಸಿದೆ. ಫಾರ್ಮ್ ತುಂಬಿದ ಕೈ ನನ್ನದೇ. ಹುಟ್ಟಿದ ವರ್ಷ ಒಂದು ಮುಂದಕ್ಕೆ ಬರೆದೆ. ನಮ್ಮವನು, ಬಡವ, ಒಂದು ಪ್ರಮಾಣಪತ್ರ ಸಿಕ್ಕರೆ ಮುಂದೆ ಅನುಕೂಲ ಎಂದು ಸಮಾಧಾನ ಮಾಡಿಕೊಂಡೆ. ಅವನು 600 ಮೀಟರ್ ಗೆದ್ದ. ತಾಂಡಾದಿಂದ ಬರಿಗಾಲಲ್ಲಿ ಬಂದಿದ್ದ ಸಣ್ಣ ಹುಡುಗ ನಾಲ್ಕನೆಯವನಾದ. ಅಲ್ಲಿ ಅಂಕ 5, 3, 1. ನಾಲ್ಕನೆಯವನಿಗೆ ಸೊನ್ನೆ. ಅವನು ನನ್ನ ಹತ್ತಿರ ಬಂದು ಕೇಳಿದ: "ಸರ, ಆ ಅಣ್ಣ ನನಗಿಂತ ದೊಡ್ಡಾಂವ ಅಲ್ಲೇನ್ರಿ?"

ನಾನು ಉತ್ತರ ಕೊಡಲಿಲ್ಲ. ಅದೇ ಸಂಜೆ ವಂದನೆಯಲ್ಲಿ ಪಂಚಶೀಲ ಹೇಳಿದೆ. ನಾಲ್ಕನೇ ಶೀಲ, ಮುಸಾವಾದ, ಗಂಟಲಲ್ಲಿ ಸಿಕ್ಕಿಕೊಂಡಿತು. ಸುಳ್ಳಷ್ಟೇ ಆಗಿರಲಿಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಂಡದ್ದೂ ಆಗಿತ್ತು. ಆ ಮಗುವಿನ ಒಂದು ಅಂಕ ನಾನು ಕದ್ದಿದ್ದೆ. ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ್ದು ಮೇಲ್ಜಾತಿಯವರಲ್ಲ, ದೀಕ್ಷೆ ಪಡೆದ ನಾನು.

ಈಗ ಮತ್ತೆ ಕ್ರೀಡಾಕೂಟದ ಕಾಲ. ಮೊನ್ನೆ ಬಳಗದ ಹಿರಿಯರೊಬ್ಬರು ಫೋನ್ ಮಾಡಿ, "ನಮ್ಮ ಹುಡುಗ ಅದಾನ್ರಿ ಸರ, ಒಂದು ವರ್ಷ ಹೊಂದಿಸಿಕೊಡ್ರಿ" ಎಂದರು. ಆಗುವುದಿಲ್ಲ ಎಂದೆ. ಸಿಟ್ಟಾಗಿದ್ದಾರೆ. ಈ ಸಂದೇಶ ಅವರೂ ಓದುತ್ತಾರೆ. ಅಣ್ಣಾ, ನಿಮ್ಮ ಹುಡುಗ ಅವನ ವಯಸ್ಸಿನವರ ಜೊತೆಗೇ ಓಡಲಿ. ದಿನಾ ಬೆಳಿಗ್ಗೆ ಓಡಿಸಲು ನಾನು ಬರುತ್ತೇನೆ. ಸೋತರೆ ಅವನ ಪಕ್ಕ ನಿಲ್ಲುತ್ತೇನೆ.

ಇಂದಿನ ಅಭ್ಯಾಸ ಇಷ್ಟೇ. ಸಾಲು ಯಾವುದೇ ಇರಲಿ, ರೇಶನ್ ಅಂಗಡಿಯದೋ ಆಸ್ಪತ್ರೆಯದೋ, ನಮ್ಮ ಜಾಗ ಬಿಡುವುದು ಬೇಡ. ಇನ್ನೊಬ್ಬರ ಜಾಗ ತೆಗೆದುಕೊಳ್ಳುವುದೂ ಬೇಡ. ರಾತ್ರಿ ಮಲಗುವ ಮುನ್ನ ಒಮ್ಮೆ ಕೇಳಿಕೊಳ್ಳೋಣ: ಇಂದು ನನ್ನಿಂದ ಯಾರಾದರೂ ನಾಲ್ಕನೆಯವರಾದರೇ?

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏